ಇಂದುಮತಿಯ ಹೆಸರಿನಲ್ಲಿ ಒಂದಿಷ್ಟು ನೆಮ್ಮದಿ

"ಈಗ ನಿಮ್ಮ ಉಸಿರನ್ನು ಗಮನಿಸಿ," ಎಂದಿತು ತಲೆಗೆ ತೊಟ್ಟ ಪಟ್ಟಿ.

ಇಂದುಮತಿ ಗಮನಿಸಿದಳು. ಉಸಿರು ಇತ್ತು. ಇಲ್ಲದೆ ಎಲ್ಲಿಗೆ ಹೋದೀತು?

"ಆಲೋಚನೆಗಳು ಬರುತ್ತವೆ, ಹೋಗುತ್ತವೆ. ತಡೆಯಬೇಡಿ. ಸುಮ್ಮನೆ ನೋಡಿ."

"ಬರ್ತಾವ, ಖರೆ. ಹೋಗೂದಿಲ್ಲ. ಅದೇ ನನ್ನ ತ್ರಾಸು," ಎಂದು ಅವಳು ಕಣ್ಣು ಮುಚ್ಚಿಕೊಂಡೇ ಗೊಣಗಿದಳು.

ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಗಂಡ ರಘೋತ್ತಮ ಬೆಕ್ಕಿನ ಹೆಜ್ಜೆಯಿಟ್ಟು ಒಳಗೆ ಬಂದ. "ಧ್ಯಾನಕ್ಕ ಕೂತೀಯೇನು? ಕೂಡು ಕೂಡು, ನಾ ಏನೂ ಮಾತಾಡೂದಿಲ್ಲ. ಸ್ಕೂಟರಿನ ಕೀಲಿ ಎಲ್ಲಿ ಅದ ಅಂತ ಅಷ್ಟು ಹೇಳಿಬಿಡು."

"ಫ್ರಿಜ್ಜಿನ ಮ್ಯಾಲೆ."

"ಇಲ್ಲಲ್ಲಾ."

"ಹಂಗಾರ ನಿಮ್ಮ ಕಿಸೆದಾಗ ನೋಡ್ರಿ."

ಕಿಸೆಯಲ್ಲಿತ್ತು. ಅವನು ಸಂತೋಷದಿಂದ ಹೊರಟ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಅದು ಮೂರನೆಯ ಸೀಟಿಯೋ ನಾಲ್ಕನೆಯದೋ ಎಂದು ಇಂದುಮತಿ ಲೆಕ್ಕ ಹಾಕತೊಡಗಿದಳು.

"ನಿಮ್ಮ ಉದ್ವೇಗ ಹೆಚ್ಚುತ್ತಿದೆ," ಎಂದಿತು ಪಟ್ಟಿ, ಜೇನು ಸವರಿದ ದನಿಯಲ್ಲಿ. "ಪರವಾಗಿಲ್ಲ. ಮೊದಲಿನಿಂದ ಆರಂಭಿಸೋಣ."

ಮೊದಲಿನಿಂದ ಎಂದರೆ ಮತ್ತೆ ನಲವತ್ತು ನಿಮಿಷ. ಇಂದುಮತಿಗೆ ಪಟ್ಟಿಯನ್ನು ಕಿತ್ತು ಕುಕ್ಕರಿನೊಳಗೆ ಹಾಕಬೇಕು ಎನ್ನಿಸಿತು.

ಈ ಪಟ್ಟಿಯ ವಿಷಯ ಒಂದಿಷ್ಟು ಹೇಳಬೇಕು. ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಕ್ಕೆ ಹಾಯುವ, ತಲೆಗೂದಲಲ್ಲಿ ಮುಚ್ಚಿಹೋಗುವಷ್ಟು ತೆಳ್ಳಗಿನ ಸಾಧನ ಅದು. ಮಿದುಳಿನ ಅಲೆ, ನಾಡಿ, ಉಸಿರು ಮೂರನ್ನೂ ಓದುತ್ತದೆ. ತೊಟ್ಟವರ ಮನಸ್ಸು ಎಲ್ಲೋ ಓಡಿತೆಂದರೆ ಮೆಲ್ಲಗೆ ಹೇಳಿ ಉಸಿರಿಗೆ ವಾಪಸು ತರುತ್ತದೆ. ಹೀಗೆ ದಿನಾ ಮಾಡುತ್ತ ಬಂದರೆ ಮನಸ್ಸು ಓಡುವುದನ್ನೇ ಕಡಿಮೆ ಮಾಡುತ್ತದೆ. ಡಾಕ್ಟರ್ ನಚಿಕೇತ ಶಿರಹಟ್ಟಿ ಎಂಬ ಮನೋವಿಜ್ಞಾನಿ ಇದನ್ನು ಆತಂಕದ ರೋಗಿಗಳಿಗೆಂದೇ ಮಾಡಿದ್ದು. ವರ್ಷಗಟ್ಟಲೆ ನಿದ್ದೆ ಕಾಣದವರು ಇದನ್ನು ತೊಟ್ಟು ನಿದ್ದೆ ಮಾಡಿದ್ದರು, ಮನೆಯ ಹೊಸ್ತಿಲು ದಾಟಲು ಹೆದರುತ್ತಿದ್ದವರು ಸಂತೆಗೆ ಹೋಗಿ ಬಂದಿದ್ದರು. ಔಷಧಿಯಲ್ಲಿ ದೋಷವಿರಲಿಲ್ಲ. ಅದನ್ನು ಆಫೀಸಿನ ಸುತ್ತೋಲೆ ಮಾಡಿದ್ದೇ ಎಡವಟ್ಟು.

ಇಂದುಮತಿ ಗಲಗಲಿ ಕೆಲಸ ಮಾಡುತ್ತಿದ್ದದ್ದು 'ಉತ್ತರ ಜಾಲ' ಎಂಬ ವಿದ್ಯುತ್ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ. ಕಲ್ಲಿದ್ದಲು ಮುಗಿದ ಕಾಲ. ಐದು ಜಿಲ್ಲೆಗಳ ಈ ಜಾಲ ತನ್ನದೇ ಬಿಸಿಲು, ತನ್ನದೇ ಗಾಳಿ ನಂಬಿ ನಡೆಯುತ್ತಿತ್ತು. ಗಾಳಿ ಯಾರ ಮಾತನ್ನು ಕೇಳುತ್ತದೆ? ವಿದ್ಯುತ್ತು ಹೆಚ್ಚು ಕಡಿಮೆಯಾದಾಗ ಯಾವ ಲೈನು ಇರಬೇಕು, ಯಾವುದು ತುಸು ಹೊತ್ತು ಹೋಗಬೇಕು ಎಂದು ನೋಡುವುದು ಅವಳ ಮೇಜಿನ ಕೆಲಸ. ಎರಡು ವರ್ಷದ ಹಿಂದೆ ಬೇರೊಂದು ಪಾಳಿಯಲ್ಲಿ ಒಬ್ಬ ಆಪರೇಟರು ಗಾಬರಿಯಲ್ಲಿ ತಪ್ಪು ಲೈನು ಕಡಿದು ಅರ್ಧ ಜಾಲವೇ ಕತ್ತಲಾಗಿತ್ತು. ಆಮೇಲೆ ಬಂತು ಸುತ್ತೋಲೆ. ಎಲ್ಲ ಆಪರೇಟರುಗಳೂ ಪಟ್ಟಿ ತೊಡಬೇಕು. ಮನೆಯಲ್ಲಿ ದಿನಾ ನಲವತ್ತು ನಿಮಿಷ ಧ್ಯಾನ. ಮೇಜಿನೆದುರು ಗಾಬರಿಯಾದರೆ ಕೆಂಪು ದೀಪ ಹತ್ತಿ ಮೇಜಿಗೆ ತಾನಾಗಿಯೇ ಬೀಗ. ಸತತ ಎರಡು ತಿಂಗಳು ಧ್ಯಾನ ಕಡಿಮೆ ಬಿದ್ದವರಿಗೆ ಬಿಲ್ ತಕರಾರು ವಿಭಾಗಕ್ಕೆ ವರ್ಗ.

ಇಂದುಮತಿಗೆ ಒಂದು ತಿಂಗಳು ಆಗಲೇ ಕಡಿಮೆ ಬಿದ್ದಿತ್ತು.

ಅವಳಿಗೆ ಆತಂಕವಿದ್ದದ್ದು ಸುಳ್ಳಲ್ಲ. ಬಸ್ ಸ್ಟಾಪಿನಿಂದ ವಾಪಸು ಬಂದು ಗ್ಯಾಸಿನ ಗುಬ್ಬಿ ತಿರುವಿ ನೋಡುತ್ತಿದ್ದಳು. ಬಾಗಿಲ ಚಿಲಕ ಎಳೆದು ನೋಡುತ್ತಿದ್ದಳು. ಫೋನು ಹೊಡೆದುಕೊಂಡರೆ ಎದೆ ಹೊಡೆದುಕೊಳ್ಳುತ್ತಿತ್ತು. ಇದರಿಂದ ಅವಳಿಗೇ ಸಾಕುಸಾಕಾಗಿತ್ತು, ಗುಣವಾಗುವುದಾದರೆ ಬೇಡವೆನ್ನುವವಳೂ ಅಲ್ಲ. ಆದರೆ ಕುರ್ಚಿ ಬಿಡುವುದು ಮಾತ್ರ ಅವಳಿಂದಾಗದು. ದುಡಿದು ಸಂಪಾದಿಸಿದ ಆ ಒಂದು ಜಾಗದಲ್ಲಿ ಕೂತಾಗ ಮಾತ್ರ ತನ್ನ ಚಿಂತೆಗೆ ಒಂದು ಅರ್ಥವಿದೆ ಎನ್ನಿಸುತ್ತಿತ್ತು. ಅದನ್ನು ಉಳಿಸಿಕೊಳ್ಳಬೇಕಾದರೆ ನೆಮ್ಮದಿಯಾಗಿ ಕೂರಬೇಕು, ಕುರ್ಚಿ ಹೋಗಿಬಿಡುತ್ತದೆ ಎಂದು ಹೆದರಿದಷ್ಟೂ ನೆಮ್ಮದಿ ದೂರ. ಇದಕ್ಕಿಂತ ದೊಡ್ಡ ಪೀಕಲಾಟ ಇನ್ನೇನಿದೆ?

ಹೀಗಿರುವಾಗ ಒಂದು ದಿನ ಡಾಕ್ಟರ್ ಶಿರಹಟ್ಟಿ ನಿಯಂತ್ರಣ ಕೊಠಡಿಗೆ ಬಂದವರೇ ನೇರ ಅವಳ ಮೇಜಿಗೆ ಬಂದರು. ನಲವತ್ತರ ಆಸುಪಾಸಿನ, ಸದಾ ನಗುವ ಮನುಷ್ಯ.

"ಮೇಡಂ, ಅಭಿನಂದನೆ. ಹೋದ ವಾರ ಪಟ್ಟಿ ಬರೆದ ನಿಮ್ಮ ಧ್ಯಾನದ ಗೆರಿ ನೋಡಿ ನಮ್ಮ ಲ್ಯಾಬಿನವರೆಲ್ಲಾ ಬೆರಗಾಗ್ಯಾರ. ಇಷ್ಟು ಆಳದ ನೆಮ್ಮದಿ ನಾ ಯಾರೊಳಗೂ ಕಂಡಿಲ್ಲ. ಹ್ಯಾಂಗ ಸಾಧಿಸಿದ್ರಿ?"

ಇಂದುಮತಿ ಏನೋ ತೊದಲಿದಳು. ಹೋದ ವಾರ ಅವಳು ಸಿಟ್ಟಿನಿಂದ ಮನೆಯಲ್ಲಿ ಧ್ಯಾನಕ್ಕೆ ಕೂತೇ ಇರಲಿಲ್ಲ. ಪಾಳಿ ಮುಗಿಸಿ ಬಂದು ಫ್ರಿಜ್ಜಿನ ಮೇಲೆ ಎಸೆದು ಸ್ನಾನಕ್ಕೆ ಹೋಗುತ್ತಿದ್ದಳು, ಅಷ್ಟೇ.

ಆ ಸಂಜೆ ಸ್ನಾನಕ್ಕೆ ಹೋದಂತೆ ಮಾಡಿ ಬಚ್ಚಲಿನ ಬಾಗಿಲ ಸಂದಿಯಿಂದ ನೋಡಿದಳು. ಅವಳ ಅತ್ತೆ ತುಂಗಾಬಾಯಿ ಫ್ರಿಜ್ಜಿನ ಮೇಲಿಂದ ಪಟ್ಟಿ ತೆಗೆದು, ಕಣ್ಣಿಗೊತ್ತಿಕೊಂಡು, ತುರುಬಿನ ಕೆಳಗೆ ಸಿಕ್ಕಿಸಿಕೊಂಡರು. ದೇವರ ಮನೆಯ ಮುಂದೆ ಕಾಲು ಚಾಚಿ ಕೂತು, ಮೊಳಕಾಲ ಮೇಲೆ ಹತ್ತಿಯ ಎಳೆ ಇಟ್ಟು ಬತ್ತಿ ಹೊಸೆಯತೊಡಗಿದರು. ಅವರು ಲಕ್ಷಬತ್ತಿಯ ಹರಕೆ ಹೊತ್ತು ಒಂದು ವರ್ಷವಾಗಿತ್ತು.

"ಅತ್ಯಾರ! ಏನು ಮಾಡ್ಲಿಕ್ಕತ್ತೀರಿ?"

"ನಿನ್ನ ಧ್ಯಾನ," ಎಂದರು ತುಂಗಾಬಾಯಿ, ಕೈ ನಿಲ್ಲಿಸದೆ. "ನಿನಗ ಪುರಸೊತ್ತು ಆಗವಲ್ದು. ಕುರ್ಚಿ ಹೋಗ್ತದ ಅಂತ ರಘೂನ ಮುಂದ ಅಳ್ಲಿಕ್ಕತ್ತಿದ್ದೆಲ್ಲಾ, ಕೇಳಿಸ್ಕೊಂಡೆ. ಅದಕ್ಕ ನಿನ್ನ ಹೆಸರು ಹೇಳಿ ನಾ ಕೂಡ್ಲಿಕ್ಕತ್ತೀನಿ."

"ಹಂಗೆಲ್ಲಾ ಬ್ಯಾರೆಯವರು ಮಾಡಿದ್ರ ನಡೆಯೂದಿಲ್ರೀ ಇದು!"

"ಯಾಕ ನಡೆಯೂದಿಲ್ಲ? ರಘೂನ ಪರೀಕ್ಷಾಕ್ಕ ನಾ ಗುರುವಾರ ಒಪ್ಪತ್ತು ಹಿಡಿದಿದ್ದೆ. ಅವಾ ಪಾಸಾದನೋ ಇಲ್ಲೋ? ಮಗನ ಹೆಸರಲೆ ತಾಯಿ ಉಪಾಸ ಮಾಡಿದ್ರ ರಾಯರು ತಗೊಂಡ್ರು. ನಿನ್ನ ಮಷೀನಿಗೇನು ರಾಯರಿಗಿಂತ ದೊಡ್ಡಸ್ತಿಕಿ?"

ಮಷೀನು ನಿಜವಾಗಿಯೂ ತೆಗೆದುಕೊಂಡಿತ್ತಲ್ಲ! ತಪ್ಪು ಎಂದು ಇಂದುಮತಿಗೆ ಗೊತ್ತಿತ್ತು. ತಿಂಗಳು ಮುಗಿಯಲಿ, ಕುರ್ಚಿ ಉಳಿಯಲಿ, ಆಮೇಲೆ ತಾನೇ ಕೂತರಾಯಿತು ಎಂದುಕೊಂಡು ಸುಮ್ಮನಾದಳು. ತಿಂಗಳು ಮುಗಿಯಿತು, ಕುರ್ಚಿಯೂ ಉಳಿಯಿತು. ಅತ್ತೆ ಬತ್ತಿ ಹೊಸೆಯುತ್ತಲೇ ಇದ್ದರು.

ಎಡವಟ್ಟಾದದ್ದು ಪಟ್ಟಿಯ ಹೊಸ ತಂತ್ರಾಂಶ ಬಂದ ದಿನ. ಬೆಳಗ್ಗೆ ಇಂದುಮತಿ ಬಂದು ಕುರ್ಚಿಯಲ್ಲಿ ಕೂತಳು. ಮೇಜಿನ ದೀಪ ಹಸಿರಾಗಲಿಲ್ಲ.

"ಕ್ಷಮಿಸಿ," ಎಂದಿತು ಮೇಜು, ಅದೇ ಜೇನಿನ ದನಿಯಲ್ಲಿ. "ನೀವು ಇಂದುಮತಿ ಗಲಗಲಿ ಅಲ್ಲ."

"ನಾ ಅಲ್ಲಾಂದ್ರ ಮತ್ತ್ಯಾರು, ನಿಮ್ಮಜ್ಜಿ?" ಎಂದು ಇಂದುಮತಿ ಚೀರಿದಳು. ಪಕ್ಕದ ಮೇಜಿನ ಮೌಲಾಸಾಬ ತಿರುಗಿ ನೋಡಿದರು. ದೊಡ್ಡ ಲೈನುಗಳ ಉಸ್ತುವಾರಿ ಅವರದು. ಮಾತು ಕಡಿಮೆ, ಚಹಾ ಜಾಸ್ತಿ. "ಶಾಂತ ಆಗ್ರಿ ಅಕ್ಕಾರ. ಕೆಂಪು ಹತ್ತತದ," ಎಂದರು.

ಡಾಕ್ಟರ್ ಶಿರಹಟ್ಟಿ ಓಡಿಬಂದರು. ಅವರನ್ನು ಮೂಲೆಗೆ ಕರೆದುಕೊಂಡು ಹೋಗಿ ಇಂದುಮತಿ ಎಲ್ಲವನ್ನೂ ಹೇಳಿಬಿಟ್ಟಳು. ಅವರ ನಗು ಮೊದಲ ಸಲ ಆರಿತು. ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟರು.

"ಮೇಡಂ, ಗಾಬರಿ ಎಲ್ಲಾರದೂ ಒಂದೇ ನಮೂನಿ ಇರ್ತದ. ನೆಮ್ಮದಿ ಮಾತ್ರ ಒಬ್ಬೊಬ್ಬರದು ಒಂದೊಂದು ಥರ, ಹೆಬ್ಬಟ್ಟಿನ ಗುರುತು ಇದ್ದಂಗ. ಅದನ್ನೇ ಈಗ ನಾವು ಗುರುತಿನ ಚೀಟಿ ಮಾಡೀವಿ. ಪಟ್ಟಿ ನಿಮ್ಮ ನೆಮ್ಮದಿ ಒಂದು ದಿನಾನೂ ಕಂಡಿಲ್ಲ. ಅದು ಕಲಿತದ್ದೆಲ್ಲಾ ನಿಮ್ಮ ಅತ್ತಿಯವರದು. ಈ ಮೇಜಿನ ಪಾಲಿಗೆ ಇಂದುಮತಿ ಅಂದ್ರ ಅವರೇ."

"ಹಂಗಾರ ನಾ ಯಾರ್ರೀ?"

ಡಾಕ್ಟರರು ಒಂದು ದಾರಿ ಹೇಳಿದರು. ಹಳೆಯ ಪಟ್ಟಿಯನ್ನು ಅತ್ತೆ ತೊಡಬೇಕು, ಹೊಸದೊಂದನ್ನು ಸೊಸೆ ತೊಡಬೇಕು, ಇಬ್ಬರೂ ಇದೇ ಮೇಜಿನೆದುರು ಅರ್ಧ ಗಂಟೆ ಕೂರಬೇಕು. ಆಗ ಮೇಜು ಇಬ್ಬರನ್ನೂ ಬೇರೆ ಬೇರೆಯಾಗಿ ಕಲಿಯುತ್ತದೆ. ಅಷ್ಟು ಹೊತ್ತು ಮೇಜು ಹಳೆಯ ಪಟ್ಟಿಯ ಮಾತನ್ನು ಮಾತ್ರ ಕೇಳುತ್ತದೆ. ಬೇರೆ ಆಪರೇಟರು ಕೂರಬೇಕೆಂದರೆ ನಿಯಮದಂತೆ ಮೊದಲು ಹತ್ತು ನಿಮಿಷ ಧ್ಯಾನ ಮಾಡಿ ತನ್ನ ನೆಮ್ಮದಿ ತೋರಿಸಬೇಕು. ಜನ ವಿದ್ಯುತ್ತು ಕಡಿಮೆ ಬಳಸುವ ಹೊತ್ತು ನೋಡಿ, ಮರುದಿನ ಮಧ್ಯಾಹ್ನ ಎಂದು ಗೊತ್ತು ಮಾಡಿದರು.

ತುಂಗಾಬಾಯಿ ಇಳಕಲ್ ಸೀರೆಯುಟ್ಟು, ಚಕ್ಕುಲಿ ಡಬ್ಬಿ ಹಿಡಿದು ಬಂದರು. ಅವರ ಹತ್ತಿಯ ಚೀಲವನ್ನು ಮಾತ್ರ ಗೇಟಿನವರು ಕಸಿದಿಟ್ಟುಕೊಂಡಿದ್ದರು, ಎಳೆ ಹಾರಿ ಯಂತ್ರದೊಳಗೆ ಹೋದೀತೆಂದು. "ಹತ್ತಿಗೆ ಅಂಜೂ ಮಷೀನು ನಾ ಎಲ್ಲೂ ನೋಡಿಲ್ಲ," ಎಂದು ಗೊಣಗುತ್ತಲೇ ಸೊಸೆಯ ಕುರ್ಚಿಯಲ್ಲಿ ಕೂತರು. ಪಟ್ಟಿ ತೊಡಿಸಿದ ಕೂಡಲೇ ದೀಪ ಹಸಿರಾಯಿತು. "ಸ್ವಾಗತ, ಇಂದುಮತಿಯವರೇ," ಎಂದಿತು ಮೇಜು. ಪಕ್ಕದಲ್ಲಿ ಹೊಸ ಪಟ್ಟಿ ತೊಟ್ಟು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ ನಿಜವಾದ ಇಂದುಮತಿ ಹಲ್ಲು ಕಡಿದಳು.

ಇನ್ನೂ ಹತ್ತು ನಿಮಿಷ ಕಳೆದಿರಲಿಲ್ಲ. ಗದುಗಿನ ಕಡೆಯಿಂದ ಧೂಳಿನ ಬಿರುಗಾಳಿ ಎದ್ದಿತು. ಗಾಳಿ ಹೆಚ್ಚಾದರೆ ವಿದ್ಯುತ್ತೂ ಹೆಚ್ಚಾಗುತ್ತದೆ ಎಂದು ಗೊತ್ತಿಲ್ಲದವರು ತಿಳಿಯುತ್ತಾರೆ. ಗಾಳಿ ಮಿತಿ ಮೀರಿದರೆ ರೆಕ್ಕೆ ಮುರಿಯದಿರಲೆಂದು ಗಾಳಿಯಂತ್ರಗಳು ತಾವಾಗಿಯೇ ನಿಂತುಬಿಡುತ್ತವೆ. ಗುಡ್ಡದ ಸಾಲಿನ ಯಂತ್ರಗಳು ಒಂದರ ಹಿಂದೆ ಒಂದು ನಿಂತವು. ಧೂಳು ಸೂರ್ಯನನ್ನೂ ಮುಚ್ಚಿತು. ಜಾಲದ ಆವರ್ತನ ತೋರಿಸುವ ಗೋಡೆಯ ಮೇಲಿನ ದೊಡ್ಡ ಅಂಕಿ ಐವತ್ತರಿಂದ ಕೆಳಗಿಳಿಯತೊಡಗಿತು.

"ಅಕ್ಕಾರ, ನನ್ನ ಕಡೆ ಎಲ್ಲಾ ಮುಗೀತು. ಇನ್ನ ನೀವೇ ಲೈನು ತೆಗೀಬೇಕು," ಎಂದರು ಮೌಲಾಸಾಬ. ಅವರ ಚಹಾ ಕೈಯಲ್ಲೇ ಇತ್ತು.

ಆ ಅಂಕಿ ಒಂದು ಮಿತಿಗಿಂತ ಕೆಳಗೆ ಹೋದರೆ ಯಂತ್ರವೇ ಕಣ್ಣುಮುಚ್ಚಿ ದೊಡ್ಡ ದೊಡ್ಡ ಲೈನು ಕಡಿಯುತ್ತದೆ. ಅದಕ್ಕೆ ಆಸ್ಪತ್ರೆ ಗೊತ್ತಿಲ್ಲ, ನೀರಿನ ಪಂಪು ಗೊತ್ತಿಲ್ಲ. ಅದಕ್ಕೂ ಮೊದಲು ಯಾರಾದರೂ ನೋಡಿ, ಆರಿಸಿ ಕಡಿಯಬೇಕು. ಹೆಚ್ಚೆಂದರೆ ನಾಲ್ಕೈದು ನಿಮಿಷದ ಅವಕಾಶ.

ಇಂದುಮತಿ ಸ್ಟೂಲಿನಿಂದ ಜಿಗಿದು ಮೇಜಿಗೆ ಕೈ ಹಾಕಿದಳು.

"ಇಂದೂ, ಆ ಕೆಂಪಂದು ಏನದು? ಯಾಕ ಹಿಂಗ ಒದರ್ಲಿಕ್ಕತ್ತೇದ?" ಎಂದರು ತುಂಗಾಬಾಯಿ.

"ಕರೆಂಟು ಕಮ್ಮಿ ಬೀಳ್ಲಿಕ್ಕತ್ತೇದ. ಕೆಲವು ಕಡೆ ನಾ ತೆಗೀಬೇಕು. ಇಲ್ಲಾಂದ್ರ ದೊಡ್ಡ ದವಾಖಾನಿ ಸಮೇತ ಎಲ್ಲಾ ಕತ್ತಲಾಗ್ತದ. ನೀವು ಸುಮ್ಮನ ಕೂಡ್ರಿ."

"ನೀನೇ ತೆಗೀಬೇಕು? ಒಬ್ಬಾಕಿನೇ?"

"ಹೂಂ."

"ದಿನಾ ಹಿಂಗೇ ಏನು?"

"ದಿನಾ ಆಗೂದಿಲ್ಲ. ಯಾವಾಗ ಆಗ್ತದ ಅನ್ನೂದು ಗೊತ್ತಾಗೂದಿಲ್ಲ. ಅದಕ್ಕ ದಿನಾ ಕಾಯಬೇಕು."

ತುಂಗಾಬಾಯಿ ಗೋಡೆಯ ತುಂಬ ಹರಡಿದ ಐದು ಜಿಲ್ಲೆಗಳ ನಕ್ಷೆಯನ್ನು ನೋಡಿದರು, ಮೇಜಿನ ಮೇಲೆ ಓಡುವ ಸೊಸೆಯ ಬೆರಳುಗಳನ್ನು ನೋಡಿದರು. ಹನ್ನೆರಡು ವರ್ಷದಿಂದ ಸೊಸೆ ಏಸಿ ಹವೆಯಲ್ಲಿ ಸುಮ್ಮನೆ ಕೂತು ಬರುತ್ತಾಳೆ ಎಂದುಕೊಂಡಿದ್ದವರು ಅವರು. ಮೇಜಿನ ದೀಪ ಹಳದಿಯಾಯಿತು, ನೋಡನೋಡುತ್ತ ಕೆಂಪಾಯಿತು. ಮೇಜಿಗೆ ಬೀಗ ಬಿತ್ತು.

"ಇಂದುಮತಿಯವರೇ, ನೀವು ಉದ್ವಿಗ್ನರಾಗಿದ್ದೀರಿ," ಎಂದಿತು ಅದು. "ಈಗ ನಿಮ್ಮ ಉಸಿರನ್ನು ಗಮನಿಸಿ."

"ಅತ್ಯಾರ, ಅಂಜಬ್ಯಾಡ್ರಿ!" ಎಂದು ಇಂದುಮತಿ ಕಿರುಚಿದಳು.

"ನೀ ಹಿಂಗ ಒದರಿದ್ರ ಹ್ಯಾಂಗ ಅಂಜಬಾರದು?"

"ಶಾಂತ ಆಗ್ರಿ! ಎಲ್ಲಾರೂ ಶಾಂತ ಆಗ್ರಿ!" ಎಂದು ಡಾಕ್ಟರ್ ಶಿರಹಟ್ಟಿ ಕೂಗಿದರು. ಅವರ ದನಿಯೇ ಒಡೆದಿತ್ತು. "ಬೀಗ ತೆಗೀರಿ ಡಾಕ್ಟರ್!" ಎಂದರೆ, "ಅದು ನನ್ನ ಕೈಯಾಗಿಲ್ಲ ಮೇಡಂ, ಮ್ಯಾಲಿನವರ ಕೈಯಾಗದ!" ಎಂದರು. ಮೇಲಿನವರು ಊಟಕ್ಕೆ ಹೋಗಿದ್ದರು.

ಅಂಕಿ ಇಳಿಯುತ್ತಿತ್ತು. ಇಂದುಮತಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸುತ್ತೋಲೆಯ ಮೇಲೆ, ಪಟ್ಟಿಯ ಮೇಲೆ, ಚಕ್ಕುಲಿ ಡಬ್ಬಿಯ ಮೇಲೆ, ತನ್ನ ಮೇಲೆ. ಅತ್ತೆಯ ಕೈಗಳು ಖಾಲಿಯಾಗಿ ಮಡಿಲಲ್ಲಿ ಒಂದನ್ನೊಂದು ತಿಕ್ಕುತ್ತಿದ್ದವು. ಆ ಕೈಗಳನ್ನು ಖಾಲಿಯಾಗಿ ಅವಳು ಎಂದೂ ನೋಡಿರಲಿಲ್ಲ.

"ಡಾಕ್ಟರ್, ಆ ಗ್ವಾಡಿ ಮ್ಯಾಲಿನ ಔಷಧ ಪೆಟಗಿಯೊಳಗ ಹತ್ತಿ ಇರ್ತದ. ಕೊಡ್ರಿ ಇಲ್ಲೆ!"

ಡಾಕ್ಟರರು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೇ ಕಿತ್ತು ತಂದರು. ಇಂದುಮತಿ ಸ್ಟೂಲನ್ನು ತಿರುಗಿಸಿದಳು. ಇಳಿಯುವ ಅಂಕಿಗೆ ಬೆನ್ನು ಮಾಡಿ ಕೂತಳು. ಅಂಕಿಗೆ ಬೆನ್ನು ಹಾಕಬಾರದು ಎಂಬುದು ಆ ಕೊಠಡಿಯಲ್ಲಿ ಕಲಿಯುವ ಮೊದಲ ಪಾಠ. ಬೆನ್ನಿನ ಚರ್ಮವೆಲ್ಲ ಉರಿದಂತಾಯಿತು.

"ಅತ್ಯಾರ, ನನಗ ಒಂದು ಬತ್ತಿ ಹೊಸೆದು ತೋರಸ್ರಿ."

"ಈಗೇನ?"

"ಈಗೇ. ನಾನೂ ಹೊಸೀತೀನಿ."

ತುಂಗಾಬಾಯಿ ಹತ್ತಿಯಿಂದ ಎಳೆ ಎಳೆದರು. ತುಂಡಾಯಿತು. ಇನ್ನೊಂದು ಎಳೆದರು. "ದವಾಖಾನ್ಯಾಗ ಮಂದಿ ಇರ್ತಾರಲ್ಲ ಇಂದೂ..."

"ಇರ್ತಾರ. ಆ ವಿಚಾರ ಬರ್ತದ, ಬರ್ಲಿ. ಅದರ ಕೂಡ ಜಗಳಾಡಬ್ಯಾಡ್ರಿ. ತಿರುಗಿ ಎಳಿ ಮ್ಯಾಲೆ ಬರ್ರಿ. ಬೆರಳು ನೋಡ್ರಿ. ಉಸಿರು ಒಳಗ ಹೋತು. ಈಗ ಹೊರಗ ಬಂತು. ಅಷ್ಟೇ." ಅದು ಪಟ್ಟಿಯ ಮಾತು. ಅವಳು ತಿಂಗಳುಗಟ್ಟಲೆ ಬೈದ ಮಾತು. ಈಗ ಅವಳದೇ ಬಾಯಲ್ಲಿ, ಅವಳದೇ ಭಾಷೆಯಲ್ಲಿ ಬರುತ್ತಿತ್ತು. ಹೇಳುತ್ತ ಹೇಳುತ್ತ ಅವಳೂ ಉಸಿರಾಡಿದಳು, ಇಲ್ಲದಿದ್ದರೆ ಅತ್ತೆಗೆ ಜೊತೆ ಸಿಗುತ್ತಿರಲಿಲ್ಲ. ಹತ್ತಿ ಮೊಳಕಾಲ ಮೇಲೆ ಉರುಳಿತು. ಎಳೆ ಸೊಟ್ಟಗಾಯಿತು.

"ಹಂಗಲ್ಲ, ಅಂಗೈಲೆ ತಿಕ್ಕು. ಹಗೂರಕ್ಕ," ಎಂದರು ತುಂಗಾಬಾಯಿ. ಅವರ ಎಳೆ ಈಗ ತುಂಡಾಗುತ್ತಿರಲಿಲ್ಲ.

"ಹಸಿರು!" ಎಂದರು ಮೌಲಾಸಾಬ.

ಇಂದುಮತಿ ತಿರುಗಿದಳು. ಮೊದಲು ಕಡಿದದ್ದು ತಮ್ಮದೇ ಕಾಲೊನಿಯ ಲೈನು. ಆಮೇಲೆ ಮಾಲುಗಳು, ಜಾಹೀರಾತು ಫಲಕಗಳು, ಇನ್ನೂ ಮೂರು ಬಡಾವಣೆ. ಹಿಂದಿನಿಂದ ಅತ್ತೆ ಬತ್ತಿ ಹೊಸೆಯುವ ಸಪ್ಪಳ ಕೇಳುತ್ತಲೇ ಇತ್ತು. ಅಂಕಿ ಒಂದು ಕ್ಷಣ ನಿಂತು, ಯೋಚಿಸಿದಂತೆ ಮಾಡಿ, ಮೇಲಕ್ಕೇರಿತು. ದೊಡ್ಡ ಆಸ್ಪತ್ರೆಯ ಒಂದು ಬಲ್ಬೂ ಕಣ್ಣು ಮಿಟುಕಿಸಲಿಲ್ಲ.

ಫೋನು ಬಡಿದುಕೊಂಡಿತು. ರಘೋತ್ತಮ. "ಇಂದೂ, ಮನ್ಯಾಗ ಕರೆಂಟ್ ಹೋಗೇದ ನೋಡು. ಯಾರಿಗೆ ಹೇಳಬೇಕು?"

"ನನಗ ಹೇಳಿದ್ರಲ್ಲಾ, ಸಾಕು," ಎಂದು ಇಟ್ಟಳು.

ಬಿರುಗಾಳಿ ಇಳಿದ ಮೇಲೆ ಡಾಕ್ಟರ್ ಶಿರಹಟ್ಟಿ ಅವಳ ಹೊಸ ಪಟ್ಟಿಯ ಗೆರೆಯನ್ನು ತೋರಿಸಿದರು. ಉದ್ದಕ್ಕೂ ಗರಗಸದ ಹಲ್ಲು. ಮಧ್ಯದಲ್ಲಿ ಒಂದೇ ಒಂದು ಕಡೆ, ಅವಳು ಅಂಕಿಗೆ ಬೆನ್ನು ಮಾಡಿ ಕೂತ ಹೊತ್ತಿನಲ್ಲಿ, ಸ್ವಲ್ಪ ದೂರ ಸಮನಾಗಿ ಹರಿದಿತ್ತು.

"ಒಂದು ನಿಮಿಷಾನೂ ಇಲ್ಲ ಮೇಡಂ. ಆದ್ರ ಇದು ನಿಮ್ಮದು. ನಿಮ್ಮ ಅತ್ತಿಯವರ ಗೆರಿಗೆ ಇದು ಹೊಂದೂದಿಲ್ಲ. ಮೇಜಿಗೆ ಇಷ್ಟು ಸಾಕು, ಇನ್ನ ಅದು ನಿಮ್ಮನ್ನ ಗುರುತು ಹಿಡೀತದ." ಆಮೇಲೆ ತಲೆ ತಗ್ಗಿಸಿ ಹೇಳಿದರು. "ಬೀಗದ ವಿಚಾರ ನಂದಲ್ಲ. ಆದ್ರ ಬ್ಯಾಡ ಅಂತ ನಾ ಹೇಳಲೂ ಇಲ್ಲ. ಇವತ್ತು ಹೋಗಿ ಹೇಳ್ತೀನಿ, ನಡೆದದ್ದೆಲ್ಲಾ."

ಹೇಳಿದರು. ಬೀಗ ಹೋಯಿತು, ಧ್ಯಾನ ಉಳಿಯಿತು, ಬೇಕಾದವರಿಗೆ ಮಾತ್ರ. ಇಂದುಮತಿಗೆ ಒಂದು ಎಚ್ಚರಿಕೆಯ ಪತ್ರವೂ ಬಂತು, ಕುರ್ಚಿಯೂ ಉಳಿಯಿತು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಇಬ್ಬರೂ ಆಟೋದಲ್ಲಿ ಮನೆಗೆ ಬರುವಾಗ ತುಂಗಾಬಾಯಿ ಹೊರಗಿನ ಬೀದಿದೀಪಗಳನ್ನು ನೋಡುತ್ತಿದ್ದರು. ಚಕ್ಕುಲಿ ಡಬ್ಬಿ ಮಡಿಲಲ್ಲಿ ಹಾಗೆಯೇ ಇತ್ತು.

"ಡಾಕ್ಟರು ನನ್ನ ನೆಮ್ಮದಿ ಭಾಳ ಆಳದ್ದು ಅಂದ," ಎಂದರು. "ನನಗ ನಗಿ ಬಂತು ಇಂದೂ. ಗ್ಯಾಸು ನೀ ನೋಡ್ತೀ, ಬಾಗಿಲಾ ನೀ ನೋಡ್ತೀ, ನನ್ನ ಗುಳಗಿ ನೀ ನೆನಪಿಡ್ತೀ, ರಘೂನ ಕೀಲಿ ನೀ ಹುಡುಕ್ತೀ. ಮನಿ ಕಾಳಜಿ ಎಲ್ಲಾ ನೀ ಒಬ್ಬಾಕಿ ಮಾಡಿದ್ರ ನನಗೇನು ಉಳೀತು? ಬತ್ತಿ ಹೊಸೆಯೂದು. ಅದನ್ನ ಯಾರು ಬೇಕಾದ್ರೂ ಮಾಡ್ತಾರ."

ಇಂದುಮತಿ ಅತ್ತೆಯ ಕೈ ಹಿಡಿದುಕೊಂಡಳು, ಮನೆ ಬರುವವರೆಗೂ ಬಿಡಲಿಲ್ಲ.

ಊಟವಾದ ಮೇಲೆ ಅವಳು ದೇವರ ಮನೆಯ ಮುಂದೆ ಕಾಲು ಚಾಚಿ ಕೂತು ಹತ್ತಿಯ ಎಳೆ ತೆಗೆದಳು. ಪಟ್ಟಿ ಫ್ರಿಜ್ಜಿನ ಮೇಲಿತ್ತು. ಅಡುಗೆಮನೆಯಲ್ಲಿ ಗ್ಯಾಸಿನ ಗುಬ್ಬಿ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಎಂದಿತು. ಆಮೇಲೆ ಹಿತ್ತಲ ಬಾಗಿಲ ಚಿಲಕ ಅಲುಗಿತು. ಮತ್ತೆ ಗ್ಯಾಸು.

"ಬಂದ್ ಆಗೇದ ಅತ್ಯಾರ. ನಾ ನೋಡೀನಿ."

"ನೀ ಸುಮ್ಮನ ಕೂಡು," ಎಂದರು ತುಂಗಾಬಾಯಿ ಒಳಗಿನಿಂದ. "ಇವತ್ತಿಂದ ನಿನ್ನ ಹೆಸರಲೆ ಕಾಳಜಿ ನಾ ಮಾಡ್ತೀನಿ."

ಗುಬ್ಬಿಯನ್ನು ಅವರು ಯಾವ ಕಡೆಗೆ ತಿರುವಿದರೋ ಏನೋ! ಎದ್ದು ಹೋಗಿ ಒಂದೇ ಒಂದು ಸಲ ನೋಡಿ ಬರಬೇಕೆಂದು ಇಂದುಮತಿಯ ಕಾಲು ಚಡಪಡಿಸಿತು. ಅವಳು ಉಸಿರು ಒಳಗೆ ತೆಗೆದುಕೊಂಡಳು, ಹೊರಗೆ ಬಿಟ್ಟಳು. ಏಳಲಿಲ್ಲ. ಮೊಳಕಾಲ ಮೇಲೆ ಇನ್ನೊಂದು ಬತ್ತಿ ಸೊಟ್ಟಗೆ ಉರುಳಿತು.